ಆರು ವರ್ಷದ ವಾಲೆಟ್ ಸಹವಾಸ

ರೇಟಿಂಗ್: ಐದಕ್ಕೆ ಎರಡೂವರೆ. ಮೊದಲ ಮೂರು ವರ್ಷಕ್ಕೆ ಮಾತ್ರ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ನಾನು ಬಳಸಿದ್ದು ಫೋನಿನ ಆ್ಯಪಿನಲ್ಲಿ ದುಡ್ಡು ತುಂಬಿಸಿ ಇಟ್ಟುಕೊಳ್ಳುವ ಥರದ ವಾಲೆಟ್. ಅದರಲ್ಲೇ ಕಾರ್ಡ್ ಸೇರಿಸಿ, ಅಂಗಡಿಯ ಮೆಷಿನ್ನಿಗೆ ಫೋನ್ ತಾಗಿಸಿ ಕೊಡುವ ಸೌಲಭ್ಯವೂ ಇತ್ತು. ಹೆಸರು ಬೇಡ. ಬೇರೆ ವಾಲೆಟ್ ಬಳಸಿದ ಸ್ನೇಹಿತರ ಗೋಳೂ ಹೆಚ್ಚುಕಮ್ಮಿ ಇದೇ.

ಶುರುವಿನಲ್ಲಿ ಖುಷಿಯೋ ಖುಷಿ. ಪರ್ಸ್ ಮನೆಯಲ್ಲಿ ಮರೆತು ಬಂದ ದಿನ ಎಷ್ಟೋ ಸಲ ಮಾನ ಉಳಿಸಿದೆ. ಭದ್ರತೆ ಬಗ್ಗೆಯೂ ನನ್ನ ದೂರಿಲ್ಲ. ಫೋನ್ ತಾಗಿಸಿದಾಗ ಕಾರ್ಡಿನ ನಿಜವಾದ ನಂಬರ್ ಅಂಗಡಿಗೆ ಹೋಗುವುದೇ ಇಲ್ಲ. ಆ ಫೋನಿಗೆ ಅಂತಲೇ ಮಾಡಿದ ಬೇರೊಂದು ನಂಬರ್ ಹೋಗುತ್ತದೆ, ಅದಕ್ಕೆ ಟೋಕನ್ ಅನ್ನುತ್ತಾರೆ. ಜನ ಹೆದರಿ ವಾಲೆಟ್ ಬಿಡುತ್ತಾರೆ ಅನ್ನುವ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಹೆದರುವವರು ಶುರುವನ್ನೇ ಮಾಡಿರುವುದಿಲ್ಲ. ಕ್ಯಾಶ್‌ಬ್ಯಾಕಿಗೆ ಬಂದವರು ಅದು ನಿಂತ ಕೂಡಲೇ ಹೋಗುತ್ತಾರೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಇಷ್ಟಪಟ್ಟು ಬಳಸುತ್ತಿದ್ದವರು ಯಾಕೆ ಬಿಡುತ್ತಾರೆ ಅನ್ನುವುದೇ ವಿಷಯ.

ನನಗೆ ಮೊದಲು ಬೇಜಾರಾಗಿದ್ದು ಒಂದು ಜೊತೆ ಶೂ ವಾಪಸ್ ಕೊಡಲು ಹೋದಾಗ. ಸೈಜ್ ಸರಿ ಇರಲಿಲ್ಲ, ಬಿಲ್ ಕೈಯಲ್ಲಿತ್ತು. ಕೌಂಟರಿನ ಹುಡುಗ ಬಿಲ್ಲಿನಲ್ಲಿದ್ದ ಕಾರ್ಡಿನ ಕೊನೆಯ ನಾಲ್ಕು ಅಂಕಿ ನೋಡಿದ. ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. "ಇದು ಬೇರೆ ಕಾರ್ಡು ಸಾರ್." ಇದೇ ಕಾರ್ಡಪ್ಪ, ಫೋನಲ್ಲಿ ಕೊಟ್ಟಿದ್ದೆ ಅಂದೆ. ಅವನು ಮ್ಯಾನೇಜರನ್ನು ಕರೆದ. ಅವರೂ ಎರಡೆರಡು ಸಲ ಹೋಲಿಸಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಸುಮ್ನೆ ಶೂ ಎತ್ತಿಕೊಂಡು ಮನೆಗೆ ಬಂದೆ. ಬಿಲ್ಲಿನಲ್ಲಿ ಅಚ್ಚಾಗಿದ್ದದ್ದು ಟೋಕನ್ನಿನ ಅಂಕಿ ಅಂತ ಗೊತ್ತಾಗಿದ್ದು ಆ ರಾತ್ರಿ ಸೆಟ್ಟಿಂಗ್ಸ್ ಕೆದಕಿದಾಗ. ಕಾರ್ಡಿನ ವಿವರದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಅದೇ ನಾಲ್ಕು ಅಂಕಿ ಕೂತಿತ್ತು. ಮಾರನೇ ದಿನ ಹೋಗಿ ತೋರಿಸಿ, ಅದೇ ಫೋನನ್ನು ಮೆಷಿನ್ನಿಗೆ ತಾಗಿಸಿದೆ. ದುಡ್ಡು ವಾಪಸ್ ಬಂತು. ಇಷ್ಟನ್ನು ಅಂಗಡಿಯವರಿಗೆ ನಾನು ಹೇಳಿಕೊಡಬೇಕಾಯಿತು ನೋಡಿ.

ಆಮೇಲೆ ಫೋನ್ ಬದಲಾಯಿಸಿದೆ. ಬಹಳ ಜನ ವಾಲೆಟ್ಟಿನ ಕೈ ಬಿಡುವುದು ಇಲ್ಲೇ ಅಂತ ನನ್ನ ಲೆಕ್ಕ. ಫೋಟೊ, ಕಾಂಟ್ಯಾಕ್ಟ್ ಎಲ್ಲ ತಾವಾಗಿ ಬಂದವು. ಟೋಕನ್ ಬರುವುದಿಲ್ಲ, ಅದು ಹಳೆಯ ಫೋನಿಗೆ ಕಟ್ಟಿದ್ದು. ಒಂದೊಂದೇ ಕಾರ್ಡನ್ನು ಹೊಸದಾಗಿ ಸೇರಿಸಬೇಕು, ಒಟಿಪಿ ಹಾಕಬೇಕು. ಮೂರರಲ್ಲಿ ಎರಡು ಸೇರಿಸಿದೆ. ನಾನು ಜಾಸ್ತಿ ಬಳಸುವ ಮೂರನೆಯದರ ಒಟಿಪಿ ಹಳೇ ನಂಬರಿಗೆ ಹೋಗುತ್ತಿತ್ತು. ನಾಳೆ ಬ್ಯಾಂಕಿಗೆ ಹೋಗಿ ಸರಿ ಮಾಡಿಸಿದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಅಷ್ಟರಲ್ಲಿ ಕೈ ಮತ್ತೆ ಜೇಬಿನ ಕಾರ್ಡಿಗೇ ಹೋಗಲು ಶುರುವಾಗಿತ್ತು. ಕಾರ್ಡನ್ನೂ ಹಾಗೇ ತಾಗಿಸಿದರೆ ಸಾಕು, ಅಲ್ವಾ? ಅದಕ್ಕೆ ಬ್ಯಾಟರಿ ಬೇಡ, ನನ್ನ ಮುಖದ ಗುರುತೂ ಬೇಡ.

ತುಂಬಿಸಿಟ್ಟ ದುಡ್ಡಿನದು ಇನ್ನೊಂದು ರಗಳೆ. ಪೂರ್ತಿ ಖಾಲಿ ಮಾಡಲು ಆಗುವುದೇ ಇಲ್ಲ. ಏನಾದರೂ ಕೊಳ್ಳಲು ಹೋದರೆ ಸ್ವಲ್ಪ ಕಮ್ಮಿ ಬೀಳುತ್ತದೆ. ಆ ಸ್ವಲ್ಪವನ್ನೇ ತುಂಬಿಸೋಣ ಅಂದರೆ ಕನಿಷ್ಠ ಇಷ್ಟಾದರೂ ತುಂಬಿಸಿ ಅನ್ನುತ್ತದೆ. ತುಂಬಿಸಿ ಕೊಟ್ಟ ಮೇಲೆ ಮತ್ತೆ ಚಿಲ್ಲರೆ ಉಳಿಯುತ್ತದೆ. ಬ್ಯಾಂಕಿಗೆ ಹಾಕಿಕೊಳ್ಳಲು ಶುಲ್ಕ, ಉಳಿದ ದುಡ್ಡಿಗಿಂತ ಅದೇ ಜಾಸ್ತಿ. ಜೊತೆಗೆ ಕೆವೈಸಿ, ಅಂದರೆ ನಾನು ನಾನೇ ಅಂತ ಖಾತ್ರಿಪಡಿಸುವ ಗುರುತಿನ ಪರಿಶೀಲನೆ, ಅವಧಿ ಮುಗಿದಿದೆ ಅಂತ ಬೇರೆ. ಗುರುತಿನ ಚೀಟಿಯ ಫೋಟೊ ಆಯಿತು. ಮುಖದ ಫೋಟೊಗೆ "ಬೆಳಕು ಸಾಲದು" ಅಂತು. ಕಿಟಕಿ ಹತ್ತಿರ ಹೋದೆ, "ಬೆಳಕು ಹೆಚ್ಚಾಯಿತು." ಐದನೇ ಸಲಕ್ಕೆ ಕೈಬಿಟ್ಟೆ. ಕಸ್ಟಮರ್ ಕೇರಿಗೆ ಬರೆದರೆ ಮೂರು ದಿನ ಬಿಟ್ಟು ಉತ್ತರ ಬಂತು: ದಯವಿಟ್ಟು ಆ್ಯಪ್ ಅಪ್‌ಡೇಟ್ ಮಾಡಿ.

ಅಪ್‌ಡೇಟ್ ಅಂದಾಗ ನೆನಪಾಯಿತು. ಈ ಆ್ಯಪ್‌ಗಳ ಹೆಸರೂ ಒಂದು ಕಡೆ ನಿಲ್ಲುವುದಿಲ್ಲ. ಗೂಗಲ್ಲಿನದ್ದೇ 2011ರಲ್ಲಿ ಗೂಗಲ್ ವಾಲೆಟ್ ಅಂತ ಬಂತು, 2015ರಲ್ಲಿ ಆಂಡ್ರಾಯ್ಡ್ ಪೇ, 2018ರಲ್ಲಿ ಗೂಗಲ್ ಪೇ, 2022ರಲ್ಲಿ ತಿರುಗಿ ಗೂಗಲ್ ವಾಲೆಟ್. ವಯಸ್ಸಾದವರು ಯಾವುದನ್ನು ಅಂತ ಹುಡುಕಬೇಕು?

ಹಾಗಂತ ವಾಲೆಟ್ಟೇ ದಂಡ ಅಂತಲ್ಲ. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಇವತ್ತಿಗೂ ಗಟ್ಟಿಯಾಗಿದೆ. ಬ್ಯಾಂಕ್ ಖಾತೆ ಇಲ್ಲದವರಿಗೆ ಅದೇ ಬ್ಯಾಂಕ್. ಏಜೆಂಟ್ ಹತ್ತಿರ ಹೋಗಿ ನಗದು ಹಾಕಬಹುದು, ತೆಗೆಯಬಹುದು. ಆದರೆ ಖಾತೆಯಿಂದ ಖಾತೆಗೆ ಕ್ಷಣದಲ್ಲಿ ದುಡ್ಡು ಹೋಗುವ ಕಡೆ ಕಥೆ ಬೇರೆ. ಭಾರತಕ್ಕೆ 2016ರಲ್ಲಿ ಯುಪಿಐ ಬಂತು, ಬ್ರೆಜಿಲ್ಲಿಗೆ 2020ರಲ್ಲಿ ಪಿಕ್ಸ್. ನಲ್ಲಿಯಿಂದ ನೇರ ಕೊಡಕ್ಕೆ ನೀರು ಬೀಳುವಾಗ ನಡುವೆ ಒಂದು ಬಕೆಟ್ ಇಟ್ಟು ತುಂಬಿಸಿ ಸುರಿಯುವವರು ಯಾರು?

ಆ್ಯಪನ್ನು ನಾನಿನ್ನೂ ತೆಗೆದುಹಾಕಿಲ್ಲ, ಒಳಗೆ ನನ್ನ ಚಿಲ್ಲರೆ ಇದೆಯಲ್ಲ. ಹೋದ ವಾರ ಅದರಿಂದ ಹುಟ್ಟುಹಬ್ಬದ ಶುಭಾಶಯ ಬಂದಿತ್ತು. ತೆರೆದು ನೋಡಿದರೆ ಮತ್ತೆ ಮುಖದ ಫೋಟೊ ಕೇಳಿತು.