ಕೌಲ್ ಬಜಾರ್‌ನ ಹಕ್ಕಿ ಅಂಗಡಿ, ಅಲ್ಲಿಯ ನೋಟ್‌ಬುಕ್ ಮತ್ತು ನ್ಯೂಜಿಲೆಂಡ್‌ನ ನಮ್ಮಣ್ಣ

ಬಳ್ಳಾರಿಯಲ್ಲಿ ಒಳ್ಳೆ ಕಾಕಟೀಲ್ (ತಲೆ ಮೇಲೆ ಜುಟ್ಟಿರುವ ಸಣ್ಣ ಸಾಕುಗಿಳಿ) ಎಲ್ಲಿ ಸಿಗುತ್ತದೆ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಾನು ಕೌಲ್ ಬಜಾರ್‌ನ ಒಂದು ಸಣ್ಣ ಅಂಗಡಿಯ ದಾರಿ ತೋರಿಸುತ್ತೇನೆ. ಬೋರ್ಡ್ ಇಲ್ಲ. ಮುಂದೆ ಪಂಜರ ಹೆಣೆಯುತ್ತಾರೆ, ಒಳಗೆ ಹಕ್ಕಿಗಳು. ಎರಡು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದೇನೆ.

ಅದಕ್ಕೂ ಮುಂಚೆ ಬೇರೆ ಕಡೆ ಮೋಸ ಹೋಗಿದ್ದೆ. ಬ್ರೀಡಿಂಗ್ ಜೋಡಿ ಅಂತ ಎರಡು ಲುಟಿನೋ ಕಾಕಟೀಲ್ ಕೊಟ್ಟರು. ಲುಟಿನೋ ಅಂದರೆ ಮೈಯೆಲ್ಲ ತಿಳಿಹಳದಿ, ಗಂಡು ಯಾವುದು ಹೆಣ್ಣು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗಲ್ಲ. ಎರಡೂ ಹೆಣ್ಣು! ಎರಡೂ ಸೇರಿ ಹನ್ನೊಂದು ಮೊಟ್ಟೆ ಇಟ್ಟವು, ಒಂದೂ ಮರಿಯಾಗಲಿಲ್ಲ. ಮೇ ತಿಂಗಳಲ್ಲಿ ಒಂದಕ್ಕೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಬೆಳಗಾಗುವುದರೊಳಗೆ ಸತ್ತುಹೋಯಿತು. ಕ್ಯಾಲ್ಸಿಯಂ ಕಡಿಮೆಯಾದರೆ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಪಂಜರದ ಮೂಲೆಯಲ್ಲಿ ರೆಕ್ಕೆ ಜೋಲುಬಿಟ್ಟು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಟ್ಟವರು ಫೋನ್ ಎತ್ತಲೇ ಇಲ್ಲ.

ಹಾಗಾಗಿ ಈ ಅಂಗಡಿಗೆ ಮೊದಲು ಹೋದಾಗ ಅನುಮಾನದಿಂದಲೇ ಹೋದೆ. ಹಿರಿಯರು ಒಬ್ಬರು, ಎಲ್ಲರೂ ಚಾಚಾ ಅನ್ನುತ್ತಾರೆ. ನಾನು ಎರಡು ಹಕ್ಕಿ ತೋರಿಸಿ ಇವೇ ಕೊಡಿ ಚಾಚಾ ಅಂದೆ. ಅವರು ಗಲ್ಲಾಪೆಟ್ಟಿಗೆ ಕೆಳಗಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಒಂದೊಂದು ಹಕ್ಕಿಗೂ ಒಂದು ಸಾಲು: ಕಾಲಿನ ರಿಂಗ್ ನಂಬರ್, ಮೊಟ್ಟೆ ಒಡೆದ ದಿನ, ಅಪ್ಪ ಅಮ್ಮನ ಪಂಜರದ ನಂಬರ್. ಬೆರಳಿಟ್ಟು ಓದಿ, "ಇವೆರಡೂ ಒಂದೇ ತಾಯಿ ಮಕ್ಕಳಮ್ಮಾ, ಜೋಡಿ ಮಾಡಬ್ಯಾಡ್ರಿ. ಹೊಸಪೇಟೆಯಿಂದ ಒಂದು ಗಂಡು ಬರೋದೈತಿ, ಹದಿನೈದು ದಿನ ತಡೀರಿ" ಅಂದರು. ಕೈಯಲ್ಲಿ ದುಡ್ಡು ಹಿಡಿದು ನಿಂತ ಗಿರಾಕಿಯನ್ನು ವಾಪಸ್ ಕಳಿಸಿದರು.

ನೋಟ್‌ಬುಕ್ ನೋಡಿ ನನಗೆ ನಮ್ಮ ದೊಡ್ಡಪ್ಪನ ಮಗ ನೆನಪಾದ. ಅಣ್ಣ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾನೆ, ಅವನೂ ಕಾಕಟೀಲ್ ಸಾಕುತ್ತಾನೆ. ಸುತ್ತ ಸಮುದ್ರ, ಮಧ್ಯೆ ಒಂದು ದೇಶ. ಸಾಕುಹಕ್ಕಿಯನ್ನು ಹೊರಗಿನಿಂದ ಅಲ್ಲಿಗೆ ಒಯ್ಯುವ ಹಾಗೇ ಇಲ್ಲ. ಕಾಕಟೀಲ್‌ನ ತವರು ಪಕ್ಕದ ಆಸ್ಟ್ರೇಲಿಯಾ, ಆದರೂ ಅಲ್ಲಿಂದ ಒಂದು ಹಕ್ಕಿ ತರಿಸಲು ಆಗಲ್ಲ. ಅಂದರೆ ಒಳಗಿರುವ ಹಕ್ಕಿಗಳಲ್ಲೇ ಸಂಬಂಧ ನೋಡಬೇಕು. ನಮ್ಮಲ್ಲಿ ಹೆಣ್ಣು ಕೊಡುವಾಗ ಬೆಡಗು ಕೇಳುತ್ತಾರಲ್ವಾ, ಹಾಗೆ ಅವನು ಯಾವ ಮರಿ ಯಾರ ಮನೆಯದು ಅಂತ ಬರೆದಿಟ್ಟುಕೊಂಡು, ರಕ್ತಸಂಬಂಧ ಇಲ್ಲದ ಗಂಡಿಗಾಗಿ ಮೂರು ತಾಸು ಕಾರು ಓಡಿಸಿದ್ದಾನೆ. ಒಳಗೊಳಗೇ ಜೋಡಿ ಮಾಡುತ್ತಾ ಹೋದರೆ ಮರಿಗಳು ಸೊರಗುತ್ತವೆ, ಹೊಸ ರಕ್ತ ತರಲು ದಾರಿ ಇರಲ್ಲ. ಅಂಥ ದೇಶದ ಶಿಸ್ತು ಯಾರೂ ಕೇಳದ ಊರಲ್ಲಿ ಒಬ್ಬರು ತಾವಾಗಿಯೇ ಪಾಲಿಸುತ್ತಿದ್ದಾರೆ ಅಂದರೆ ನನಗೆ ಅದೇ ದೊಡ್ಡ ವಿಷಯ.

ಅಣ್ಣನ ಗೆಳೆಯನ ಮನೆಯಲ್ಲಿ ನಮ್ಮ ಹಸಿರು ಗಿಳಿಯೇ ಇದೆ. ಸಿರುಗುಪ್ಪ ರಸ್ತೆಯಲ್ಲಿ ಸೂರ್ಯಕಾಂತಿ ತೆನೆಗೆ ಹಿಂಡುಹಿಂಡಾಗಿ ಇಳಿಯುತ್ತದಲ್ಲ, ಅದೇ ಗಿಳಿ. ಅಲ್ಲಿ ಅದು ಪರದೇಶದ ಹಕ್ಕಿ. ತಪ್ಪಿಸಿಕೊಂಡು ಹೊರಗೆ ಹೋದರೆ ಹೊಲಕ್ಕೆ ಲೂಟಿ, ಅಲ್ಲಿಯ ಹಕ್ಕಿಗಳ ಮರದ ಪೊಟರೆಗೂ ಪೈಪೋಟಿ ಅಂತ ಹೆದರುತ್ತಾರೆ. ಆ ಹೆದರಿಕೆ ಸುಮ್ನೆ ಅಲ್ಲ. ನಮ್ಮ ಗೊರವಂಕವನ್ನು 1870ರ ದಶಕದಲ್ಲಿ ಅಲ್ಲಿಗೆ ಒಯ್ದು ಬಿಟ್ಟರು, ಅದು ಉತ್ತರ ದ್ವೀಪದ ಬಹುಭಾಗದಲ್ಲಿ ಹರಡಿಕೊಂಡಿದೆ. ಬಾವಲಿ ಬಿಟ್ಟರೆ ನೆಲದ ಸಸ್ತನಿಯೇ ಇರದಿದ್ದ ನಾಡು ಅದು. ಹಡಗಿನಲ್ಲಿ ಬಂದ ಇಲಿಗಳು, ಮೊಲ ಹಿಡಿಯಲೆಂದು ತಂದ, ಮುಂಗುಸಿಯಂತೆ ಕಾಣುವ ಸ್ಟೋಟ್‌ಗಳು ಅಲ್ಲಿಯ ಹಕ್ಕಿಗಳನ್ನು ತಿಂದುಹಾಕಿದವು. ಹಾರಲಾರದ ಕಾಕಾಪೊ ಗಿಳಿ 1995ರಲ್ಲಿ ಬರೀ 51 ಉಳಿದಿತ್ತು.

ಇನ್ನೊಂದು ಕಡೆ ನೋಡಿ. ಕಾಕಾರಿಕಿ ಅಂತ ಅಲ್ಲಿಯ ಪುಟ್ಟ ಗಿಳಿ, ಮಾವೋರಿ ಭಾಷೆಯಲ್ಲಿ ಹೆಸರಿನ ಅರ್ಥವೇ ಸಣ್ಣ ಗಿಳಿ. ಅಲ್ಲಿ ಅದನ್ನು ಸಾಕಲು ಸಂರಕ್ಷಣಾ ಇಲಾಖೆಯ ಅನುಮತಿ ಬೇಕು. ಇಲ್ಲಿ ಬೆಂಗಳೂರಿನ ಸಾಕಣೆದಾರರು ಅದನ್ನು ಮಾರುತ್ತಾರೆ. ನಮ್ಮ ಗಿಳಿಯನ್ನು ನಾವು ಪಂಜರದಲ್ಲಿ ಇಡುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ನನ್ನ ಮುಂದೆಯೇ ಒಬ್ಬರು ಬಂದು ಮಾತಾಡುವ ಹಸಿರು ಗಿಳಿ ಕೊಡಿ, ಎಷ್ಟಾದರೂ ಪರವಾಗಿಲ್ಲ ಅಂದರು. ಚಾಚಾ ಕೈ ಮುಗಿದು ಕಳಿಸಿಬಿಟ್ಟರು. ಸನ್ ಕನ್ಯೂರ್ ಅನ್ನುವ ಹಳದಿ ವಿದೇಶಿ ಗಿಳಿ ಕೇಳಿದವರಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅಂತ ಮೊದಲೇ ಹೇಳುತ್ತಾರೆ, 2024ರಿಂದ ಅದು ನಿಯಮ. ಕಾಕಟೀಲ್‌ಗೆ, ಬಡ್ಜಿ ಅನ್ನುವ ಪುಟ್ಟ ಸಾಕುಗಿಳಿಗೆ ಆ ತಾಪತ್ರಯ ಇಲ್ಲ.

ಹದಿನೈದು ದಿನ ಅಂದಿದ್ದು ಇಪ್ಪತ್ತೆರಡಾಯಿತು, ಆದರೆ ಗಂಡು ಬಂತು. ಚಾಚಾ ಅದನ್ನು ಅಂಗೈಯಲ್ಲಿ ಮಲಗಿಸಿ ಎದೆಯ ಪುಕ್ಕವನ್ನು ಉಫ್ ಅಂತ ಊದಿದರು. ಪುಕ್ಕ ಬಿಡಿಸಿಕೊಂಡು ಗುಲಾಬಿ ಚರ್ಮ ಕಂಡಿತು. ನನ್ನ ಹೆಬ್ಬೆರಳು ಹಿಡಿದು ಎದೆಮೂಳೆ ಮೇಲೆ ಇಡಿಸಿದರು. ಎರಡೂ ಪಕ್ಕ ಮಾಂಸ ತುಂಬಿತ್ತು. ಮೂಳೆ ಚಾಕುವಿನ ಅಲಗಿನ ಹಾಗೆ ಕೈಗೆ ಚುಚ್ಚಿದರೆ ತಗೊಬೇಡಿ ಅಂದರು. ಈಗ ಯಾವ ಹಕ್ಕಿ ನೋಡಿದರೂ ನನ್ನ ಹೆಬ್ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ.

ಜೋಡಿಗೆ 4,200 ರೂಪಾಯಿ ಕೊಟ್ಟೆ. ಸ್ವಲ್ಪ ಜಾಸ್ತಿಯೇ, ಆದರೆ ಬೇಸರವಿಲ್ಲ. ಕಾಳು ಇಲ್ಲಿಯದೇ: ನವಣೆ, ಸಜ್ಜೆ, ಸ್ವಲ್ಪ ಕುಸುಬೆ. ಸೂರ್ಯಕಾಂತಿ ಕೇಳಿದರೆ ಕಡಿಮೆ ಹಾಕಿ, ಲಿವರ್‌ನಲ್ಲಿ ಕೊಬ್ಬು ಕಟ್ಟುತ್ತದೆ ಅನ್ನುತ್ತಾರೆ. ನುಗ್ಗೆ ಸೊಪ್ಪು ದಿನಾ ಕೊಡಿ ಅಂತಾರೆ. ಕ್ಯಾಲ್ಸಿಯಂಗೆ ಹಕ್ಕಿ ಕುಕ್ಕಿ ತಿನ್ನುವ ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಸಮುದ್ರಜೀವಿಯ ಒಳಚಿಪ್ಪು) ಒಂದನ್ನು ಅವರೇ ಪಂಜರಕ್ಕೆ ಕಟ್ಟಿ ಕೊಟ್ಟರು.

ಒಂದು ವಿಷಯಕ್ಕೆ ಮಾತ್ರ ನನಗೆ ಸಮಾಧಾನ ಇಲ್ಲ, ಅವರಿಗೂ ಹೇಳಿದ್ದೇನೆ. ಹೊರಗಿಂದ ಬಂದ ಹಕ್ಕಿಗಳನ್ನು ಅದೇ ದಿನ ಹಳೆಯವುಗಳ ಪಕ್ಕದಲ್ಲೇ ಇಡುತ್ತಾರೆ. ಪುಕ್ಕ ಉದುರಿಸಿ ಕೊಕ್ಕು ಕೆಡಿಸುವ ವೈರಸ್ ಒಂದಿದೆ, ಅದು ಪುಕ್ಕದ ಧೂಳಿನಲ್ಲೇ ಹರಡುತ್ತದೆ. ಅಷ್ಟು ಕಾವಲಿರುವ ನ್ಯೂಜಿಲೆಂಡ್‌ನ ಕಾಡು ಕಾಕಾರಿಕಿಗಳಲ್ಲೂ ಅದು ಸಿಕ್ಕಿದೆ. ಇಲ್ಲಿ ಒಂದೇ ತಗಡಿನ ಶೆಡ್‌ನಲ್ಲಿ ಏನು ತಡೆ? ಜಾಗ ಇಲ್ಲಮ್ಮಾ ಅನ್ನುತ್ತಾರೆ, ಅದೂ ನಿಜ. ಆದರೂ ಹಿಂದಿನ ಕೋಣೆಯಲ್ಲಿ ಕಾಳಿನ ಚೀಲ ಸರಿಸಿದರೆ ಎರಡು ಪಂಜರ ಹಿಡಿಯುತ್ತವೆ. ಅಲ್ಲಿಯವರೆಗೆ ನೀವು ತಂದವರೇ ಮೂವತ್ತು ದಿನ ಬೇರೆ ಕೋಣೆಯಲ್ಲಿ ಇಡಿ. ಹಳೇ ಹಕ್ಕಿಗೆ ಮೊದಲು ಕಾಳು ಹಾಕಿ, ಆಮೇಲೆ ಹೊಸದಕ್ಕೆ, ನಂತರ ಸೋಪು ಹಾಕಿ ಕೈ ತೊಳೆದುಕೊಳ್ಳಿ. ನಾನೂ ಹಾಗೇ ಮಾಡಿದೆ.

ಈ ಫೆಬ್ರವರಿಯಲ್ಲಿ ಮೂರು ಮರಿ ಆದವು. ಒಂಬತ್ತನೇ ದಿನ ಡಬ್ಬದಲ್ಲಿ ಬಟ್ಟೆ ಹಾಸಿ ಅಂಗಡಿಗೆ ಒಯ್ದೆ, ಚಾಚಾ ರಿಂಗ್ ಹಾಕಿ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆದರು, ಪಕ್ಕದಲ್ಲಿ ನಮ್ಮ ಓಣಿ ಹೆಸರು.

ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ ಬನ್ನಿ, ನಮ್ಮೂರ ಬಿಸಿಲಿಗೆ ಸ್ಕೂಟರ್ ಮೇಲೆ ಹಕ್ಕಿ ತಾಳಲ್ಲ.