ರೆಸೊನೇಟರ್ ಬಿಚ್ಚಿಸುವ ಮುನ್ನ ಬೀಮ್ ಹಾದುಹೋಗುವ ಗಾಳಿ ನೋಡಿ

ಸಿಓ2 ಲೇಸರ್ ಮೆಷಿನ್ ಇಟ್ಟುಕೊಂಡು ಶೀಟ್ ಕಟಿಂಗ್ ಜಾಬ್‌ವರ್ಕ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮದು 4 ಕಿಲೋವ್ಯಾಟ್ ಮೆಷಿನ್. ಚೆನ್ನಾಗಿ ಕತ್ತರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಎಸ್ಸೆಸ್ (ಸ್ಟೇನ್‌ಲೆಸ್ ಸ್ಟೀಲ್) ಶೀಟಿನ ಅಡಿಯಲ್ಲಿ ಬರ್, ಅಂದರೆ ಅಂಚಿಗೆ ಅಂಟಿಕೊಳ್ಳುವ ಲೋಹದ ಮುಳ್ಳು, ಬಿಡತೊಡಗಿತು. ಸರ್ವಿಸ್‌ನವರು ಬಂದು ಕಟ್ ಆದ ಪೀಸನ್ನು ತಿರುಗಿಸಿ ನೋಡಿ, 'ಬೀಮ್ ಮೋಡೇ ಕೆಟ್ಟಿದೆ, ರೆಸೊನೇಟರ್ ಮಿರರ್ ಹೋಗಿವೆ' ಅಂದರು. ಬೀಮ್ ಮೋಡ್ ಎಂದರೆ ಬೀಮಿನ ಅಗಲದಲ್ಲಿ ಪವರ್ ಹರಡಿರುವ ರೀತಿ, ರೆಸೊನೇಟರ್ ಎಂದರೆ ಕನ್ನಡಿಗಳ ನಡುವೆ ಲೇಸರ್ ಕಿರಣ ಹುಟ್ಟುವ ಭಾಗ. ಬೀಮಿನ ಅಚ್ಚು, ಅಂದರೆ ಅಕ್ರಿಲಿಕ್ ತುಂಡಿನ ಮೇಲೆ ಬೀಮ್ ಸುಟ್ಟು ಮೂಡಿಸುವ ಗುರುತು, ತೆಗೆದು ನೋಡಲೇ ಇಲ್ಲ. ಮಿರರ್ ಸೆಟ್ ಬದಲಾಯಿತು, ಲಕ್ಷಗಳ ಲೆಕ್ಕದಲ್ಲಿ ಬಿಲ್ ಬಂತು. ಕೆಲವೇ ದಿನಗಳಲ್ಲಿ ಮತ್ತೆ ಅದೇ ಬರ್.

ಸುಳಿವು ಕೊಟ್ಟವನು ನಮ್ಮ ಆಪರೇಟರ್ ಹುಡುಗ. 'ಸಾರ್, ಟೇಬಲ್ಲಿನ ಈ ಮೂಲೇಲಿ ಕಟ್ ಕ್ಲೀನಾಗಿದೆ, ಆ ಕಡೆ ಮೂಲೇಲಿ ಮಾತ್ರ ಬರ್ ಬರ್ತಿದೆ. ಅದೂ ಪಕ್ಕದೋರು ಪೇಂಟ್ ಹೊಡೆಯೋ ಹೊತ್ತಲ್ಲಿ.'

ಮಿರರ್ ಹೋಗಿದ್ದರೆ ಎಲ್ಲ ಮೂಲೆಯಲ್ಲೂ, ಎಲ್ಲ ಹೊತ್ತಿನಲ್ಲೂ ಕೆಡಬೇಕಿತ್ತು. ಬರ್ ಬರುತ್ತಿದ್ದ ಮೂಲೆ ರೆಸೊನೇಟರಿಗೆ ದೂರದ್ದು. ಬೀಮ್ ದೂರ ಹೋದಷ್ಟೂ ಕೆಡುತ್ತಿದೆ ಎಂದರೆ ತಪ್ಪಿರುವುದು ದಾರಿಯಲ್ಲಿ. ರೆಸೊನೇಟರಿನಿಂದ ಕಟಿಂಗ್ ಹೆಡ್‌ವರೆಗೆ ಬೀಮ್ ಬೆಲ್ಲೋಸ್ (ಬೀಮಿನ ದಾರಿಯನ್ನು ಮುಚ್ಚುವ ಮಡಿಕೆ ಕೊಳವೆ) ಒಳಗಿನ ಗಾಳಿಯಲ್ಲಿ ಮೀಟರುಗಟ್ಟಲೆ ಸಾಗುತ್ತದೆ. ಆ ಗಾಳಿ ನಮ್ಮ ಕಂಪ್ರೆಸರಿನದು. ಕಂಪ್ರೆಸರ್ ಗಾಳಿ ಎಳೆಯುವುದು ಹಿಂದಿನ ಗಲ್ಲಿಯಿಂದ, ಪಕ್ಕದವರ ಸ್ಪ್ರೇ ಬೂತಿನ ಎಕ್ಸಾಸ್ಟ್ ಇರುವುದೂ ಅಲ್ಲೇ. ಆಯಿಲ್ ಫಿಲ್ಟರ್, ಡ್ರೈಯರ್ ಎರಡೂ ಇದ್ದವು. ಥಿನ್ನರ್ ಆವಿಯನ್ನು ಅವು ತಡೆಯುವುದಿಲ್ಲ.

ಈ ಲೇಸರಿನ ತರಂಗಾಂತರ 10.6 ಮೈಕ್ರಾನ್. ಪೇಂಟು, ಥಿನ್ನರುಗಳ ಆವಿ ಆ ಕಿರಣವನ್ನು ಹೀರಿಕೊಂಡು ಬಿಸಿಯಾಗುತ್ತದೆ. ಬೀಮಿನ ನಡುಭಾಗದ ಗಾಳಿ ಹೆಚ್ಚು ಕಾದು ತೆಳುವಾಗುತ್ತದೆ, ಬೀಮ್ ಅಗಲವಾಗುತ್ತದೆ, ಫೋಕಸ್ ಸರಿಯುತ್ತದೆ. ಥರ್ಮಲ್ ಬ್ಲೂಮಿಂಗ್ ಅನ್ನುವುದು ಇದನ್ನೇ. ಪವರ್ ಹೆಚ್ಚಿದಷ್ಟೂ ಕಾಟ ಜಾಸ್ತಿ. ಕ್ಷಿಪಣಿ ಹೊಡೆಯಲೆಂದು ಅಮೆರಿಕದವರು ಬೋಯಿಂಗ್ 747ರಲ್ಲಿ ಕೂರಿಸಿದ್ದ ಕೆಮಿಕಲ್ ಲೇಸರಿಗೂ ದಾರಿಯ ಗಾಳಿಯೇ ದೊಡ್ಡ ತಲೆನೋವಾಗಿತ್ತು. ಅದನ್ನು ಸರಿದೂಗಿಸಲು ಆಕಾರ ಬದಲಿಸುವ ಕನ್ನಡಿಗಳನ್ನೇ ಹಾಕಿದ್ದರು. ನಮಗೆ ಅಷ್ಟೆಲ್ಲ ಬೇಕಾಗಲಿಲ್ಲ. ಗಾಳಿ ಎಳೆಯುವ ಪೈಪನ್ನು ಶೆಡ್ಡಿನ ಮುಂದಕ್ಕೆ ತಂದೆವು, ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಹಾಕಿಸಿದೆವು, ಬೆಲ್ಲೋಸಿನಲ್ಲಿದ್ದ ಹರಕು ಮುಚ್ಚಿಸಿದೆವು. ಬರ್ ನಿಂತಿತು. ಮಿರರ್ ಹಣ ಮಾತ್ರ ವಾಪಸ್ ಬರಲಿಲ್ಲ. 'ಹಾಕಿದ ಪಾರ್ಟ್ ಹಿಂದಕ್ಕೆ ತಗೊಳ್ಳಲ್ಲ' ಎಂದುಬಿಟ್ಟರು.

ಯಾರಾದರೂ ಬೀಮ್ ಕೆಟ್ಟಿದೆ ಅಂದರೆ ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಅಕ್ರಿಲಿಕ್ ತುಂಡಿನ ಮೇಲೆ ಎರಡು ಅಚ್ಚು ಕೇಳಿ: ರೆಸೊನೇಟರಿನ ಬಾಯಲ್ಲಿ ಒಂದು, ಹೆಡ್ ದೂರದ ಮೂಲೆಯಲ್ಲಿದ್ದಾಗ ಲೆನ್ಸಿಗೆ ಮುಂಚೆ ಒಂದು. ಮೊದಲನೆಯದು ದುಂಡಗಿದ್ದು ಎರಡನೆಯದು ಸೊಟ್ಟಗಿದ್ದರೆ ರೆಸೊನೇಟರ್ ಮುಟ್ಟಲು ಬಿಡಬೇಡಿ. ಅಚ್ಚನ್ನು ನೀವೇ ತೆಗೆಯಲು ಹೋಗಬೇಡಿ, ಈ ಕಿರಣ ಕಣ್ಣಿಗೆ ಕಾಣುವುದಿಲ್ಲ, ಅಕ್ರಿಲಿಕ್ ಹೊಗೆಯೂ ಕೆಟ್ಟದ್ದು. ತರಬೇತಿ ಇರುವವರ ಕೈಯಲ್ಲೇ ತೆಗೆಸಿ, ಎರಡರ ಮೇಲೂ ತಾರೀಖು ಬರೆಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.