ನೀರು, ಕೋಕೋಪೀಟ್, ಮರಳು, ಗೂಟಿ: ಬಳ್ಳಾರಿ ಬಿಸಿಲಲ್ಲಿ ಅಂಜೂರದ ಕಡ್ಡಿ

ಸೋದರಮಾವನ ಹೊಲದ ಬಾವಿ ಪಕ್ಕ ಒಂದು ಹಳೇ ಅಂಜೂರದ ಗಿಡ ಇತ್ತು. ಹಣ್ಣು ದೊಡ್ಡದೇನಲ್ಲ, ಸಿಪ್ಪೆ ಎಷ್ಟು ತೆಳು ಅಂದರೆ ಮಾರುಕಟ್ಟೆಗೆ ಒಯ್ಯುವಷ್ಟರಲ್ಲಿ ಅರ್ಧ ಒಡೆದಿರುತ್ತಿತ್ತು, ಹಾಗಾಗಿ ಮಾರಿದ್ದೇ ಇಲ್ಲ, ಎಲ್ಲ ನಾವೇ ತಿಂದಿದ್ದು. ಹೋದ ವರ್ಷದ ಹಿಂದಿನ ಸಂಕ್ರಾಂತಿಗೆ ಹೋದಾಗ ಮಾವ, "ಇಲ್ಲಿ ಗೋದಾಮು ಕಟ್ಟೋದೈತಿ, ಗಿಡ ತೆಗೀಬೇಕವ್ವ" ಅಂದರು. ನಾನು ಆವತ್ತೇ ಕತ್ತರಿ ತಗೊಂಡು 24 ಕಡ್ಡಿ ಕಡಿದುಕೊಂಡು ಬಂದೆ.

ಬೀಜ ಹಾಕಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಬೀಜದ ಗಿಡ ತಾಯಿಯ ಹಾಗೇ ಇರುತ್ತದೆ ಅಂತ ಹೇಳಲಾಗುವುದಿಲ್ಲ. ನನಗೆ ಬೇಕಾಗಿದ್ದು ಅಂಜೂರ ಅಲ್ಲ, ಆ ಅಂಜೂರ.

ಕಡ್ಡಿಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿದೆ: ನೀರಿನ ಬಾಟಲಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮರಳು, ನೇರ ನೆಲ. ಎಲ್ಲ ಕಡ್ಡಿಯೂ ಹಿಂದಿನ ವರ್ಷ ಬೆಳೆದ, ಬೂದು ಬಣ್ಣಕ್ಕೆ ತಿರುಗಿದ ಗಟ್ಟಿ ಟೊಂಗೆಯದು. ದಪ್ಪ ಕಿರುಬೆರಳಿನಷ್ಟು, ಉದ್ದ ಒಂದು ಗೇಣು, ನಾಲ್ಕು ಕಣ್ಣು. ಕೆಳತುದಿ ಗಿಣ್ಣಿನ ಕೆಳಗೇ ನೇರವಾಗಿ, ಮೇಲ್ತುದಿ ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ಮನೆಗೆ ಬರುವಷ್ಟರಲ್ಲಿ ತಲೆ ಯಾವುದು ಕಾಲು ಯಾವುದು ಗೊತ್ತಾಗುವುದಿಲ್ಲ. ಕತ್ತರಿಸಿದ ಕಡೆ ಹಾಲು ಸುರಿಯುತ್ತದೆ. ಅದು ಕೈಗೆ ಮೆತ್ತಿಕೊಂಡು ಬಿಸಿಲಿಗೆ ನಿಂತರೆ ಚರ್ಮ ಸುಟ್ಟ ಹಾಗೆ ಕಲೆ ಬೀಳುತ್ತದೆ, ನನಗೆ ಬಿದ್ದಿತ್ತು, ಕೈಗವಸು ಹಾಕಿಕೊಳ್ಳಿ.

ಈ ಬಗ್ಗೆ ವಿಡಿಯೋ ಮಾಡುವವರೆಲ್ಲ ತಂಪು ಊರಿನವರು. ಅವರಿಗೆ ಬೇರು ಬಂದರೆ ಕೆಲಸ ಮುಗಿಯಿತು. ನಮಗೆ ಹಾಗಲ್ಲ. ಜನವರಿಯಲ್ಲಿ ಹಾಕಿದ ಕಡ್ಡಿ ಯುಗಾದಿಯೊಳಗೆ ಬೇರು ಬಿಟ್ಟು, ಮಣ್ಣಿಗೆ ಹೊಂದಿಕೊಂಡು, 40 ಡಿಗ್ರಿ ದಾಟುವ ಬಿಸಿಲಿಗೆ ರೆಡಿ ಆಗಿರಬೇಕು. ಹಾಗಾಗಿ ನಾನು ಲೆಕ್ಕ ಹಾಕಿದ್ದು ಎಷ್ಟಕ್ಕೆ ಬೇರು ಬಂತು ಅಂತಲ್ಲ, ಮೇ ಕೊನೆಗೆ ಎಷ್ಟು ಬದುಕಿದ್ದವು ಅಂತ.

ನೀರಿನ ಬಾಟಲಿ ನೋಡೋಕೆ ಬಹಳ ಚಂದ. ಬಾಟಲಿಗೆ ಕಪ್ಪು ಬಟ್ಟೆ ಸುತ್ತಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದೆ. ಮೂರನೇ ವಾರಕ್ಕೆ ಬಿಳಿ ಗುಳ್ಳೆ, ಆಮೇಲೆ ಬೇರು. ಆರರಲ್ಲಿ ಐದಕ್ಕೆ ಬಂತು! ಮನೆಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮಣ್ಣಿಗೆ ಹಾಕಿದ ಮೇಲೆ ಶುರುವಾಯಿತು ನೋಡಿ. ನೀರಲ್ಲಿ ಹುಟ್ಟಿದ ಬೇರು ಬಹಳ ನಾಜೂಕು, ಮುಟ್ಟಿದರೆ ಮುರಿಯುತ್ತದೆ, ಮಣ್ಣಿನಿಂದ ನೀರು ಎಳೆದುಕೊಳ್ಳುವ ಅಭ್ಯಾಸವೇ ಅದಕ್ಕಿರುವುದಿಲ್ಲ. ಮಾರ್ಚ್ ಮೂರನೇ ವಾರದೊಳಗೆ ನಾಲ್ಕು ಬಾಡಿ ಹೋದವು. ಉಳಿದದ್ದು ಒಂದು. ನೀರಿನಲ್ಲೇ ಮಾಡುತ್ತೇನೆ ಅನ್ನುವವರು ಬೇರು ಅರ್ಧ ಇಂಚು ಇರುವಾಗಲೇ ಮಣ್ಣಿಗೆ ಬದಲಿಸಬೇಕು. ಗಡ್ಡದ ಹಾಗೆ ಬೆಳೆಯಲಿ ಅಂತ ಕಾದು ನಾನು ಕೆಟ್ಟೆ.

ಕೋಕೋಪೀಟ್ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು. ಪಾರದರ್ಶಕ ಪ್ಲಾಸ್ಟಿಕ್ ಲೋಟ, ತಳಕ್ಕೆ ತೂತು, ಮೇಲೆ ಕವರ್. ಹನ್ನೆರಡನೇ ದಿನಕ್ಕೆ ಚಿಗುರು ಬಂದು ಕುಣಿದಾಡಿಬಿಟ್ಟೆ. ಆದರೆ ಲೋಟದ ಗೋಡೆಯಲ್ಲಿ ನೋಡಿದರೆ ಒಂದು ಬೇರೂ ಇಲ್ಲ. ಕಡ್ಡಿ ತನ್ನೊಳಗಿದ್ದ ಆಹಾರ ಖರ್ಚು ಮಾಡಿ ಎಲೆ ಬಿಡುತ್ತದೆ. ಅಷ್ಟರಲ್ಲಿ ಬೇರು ಬಂದರೆ ಸರಿ, ಬರದಿದ್ದರೆ ಎಲೆ ಜೋತು ಬಿದ್ದು ಮುಗಿಯಿತು. ಚಿಗುರು ನೋಡಿ ಗೆದ್ದೆ ಅಂದುಕೊಳ್ಳಬೇಡಿ. ಆರರಲ್ಲಿ ಎರಡು ಕೆಳಗಿಂದ ಕಪ್ಪಾಗಿ ಕೊಳೆತವು, ಅದು ನಾನು ನೀರು ಹೆಚ್ಚು ಹಾಕಿದ ತಪ್ಪು. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು, ಧಾರೆ ಬರಬಾರದು. ಇನ್ನೊಂದು ಏನಂದರೆ ತೆಂಗಿನ ನಾರಿನಲ್ಲೇ ಉಪ್ಪು ಇರುತ್ತದೆ, ಅದರ ಮೇಲೆ ನಮ್ಮ ಸವಳು ಬೋರ್ ನೀರು ಸುರಿದರೆ ಕೇಳಬೇಕಾ, ಬ್ಲಾಕ್ ನೆನೆಸಿ ಮೂರ್ನಾಲ್ಕು ಸಲ ಒಳ್ಳೇ ನೀರಲ್ಲಿ ತೊಳೆದು ಆಮೇಲೆ ಬಳಸಿ. ಮೇ ಕೊನೆಗೆ ಮೂರು ಉಳಿದಿದ್ದವು.

ಮರಳಿನ ಬಗ್ಗೆ ನನಗೇನೂ ಆಸೆ ಇರಲಿಲ್ಲ. ಮನೆ ಕಟ್ಟಿದಾಗ ಉಳಿದಿದ್ದ ಹೊಳೆ ಮರಳು, ಜರಡಿ ಹಿಡಿದು ತೊಳೆದು, ತಳಕ್ಕೆ ತೂತು ಹೊಡೆದ ಪೇಂಟ್ ಬಕೆಟ್‌ಗೆ ತುಂಬಿ ಕಡ್ಡಿ ಮುಕ್ಕಾಲು ಪಾಲು ಹೂತು ಬೇವಿನ ಮರದ ನೆರಳಲ್ಲಿಟ್ಟೆ. ಒಂದು ತಿಂಗಳು ಏನೂ ಇಲ್ಲ. ನಮ್ಮವರು ದಿನಾ ಬೆಳಿಗ್ಗೆ "ನಿನ್ನ ಕಟ್ಟಿಗೆಗೆ ನೀರು ಹಾಕಿದೆಯಾ" ಅಂತ ಛೇಡಿಸುತ್ತಿದ್ದರು. ಫೆಬ್ರವರಿ ಕೊನೆಗೆ ಚಿಗುರು ಕಂಡಿತು. ಕಿತ್ತು ನೋಡಬಾರದು ಅಂತ ಗೊತ್ತಿದ್ದರೂ ಒಂದನ್ನು ಮೆಲ್ಲಗೆ ಎತ್ತಿ ನೋಡಿದೆ, ಗಿಡ್ಡ, ದಪ್ಪ, ಕವಲೊಡೆದ ಬೇರು. ಆರರಲ್ಲಿ ನಾಲ್ಕು ಬಂದವು, ಆ ನಾಲ್ಕೂ ಬೇಸಿಗೆ ದಾಟಿದವು, ಒಂದೂ ಸಾಯಲಿಲ್ಲ. ತೊಂದರೆ ಇಲ್ಲ ಅಂತಲ್ಲ. ಮರಳು ಬೇಗ ಒಣಗುತ್ತದೆ, ಮಾರ್ಚ್ ಬಂದರೆ ದಿನಕ್ಕೆರಡು ಸಲ ನೀರು ಬೇಕು, ಎರಡು ದಿನ ಊರಿಗೆ ಹೋದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು. ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಆದರೆ ಪುಡಿ ಪೂರ್ತಿ ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ.

ನೆಲಕ್ಕೆ ನೇರವಾಗಿ ಚುಚ್ಚಿದ್ದು ಗೆದ್ದಲಿಗೆ ಊಟ ಹಾಕಿದ ಹಾಗಾಯಿತು. ಆರರಲ್ಲಿ ಒಂದು ಬದುಕಿತು.

ಪ್ರತಿ ಪಾಲಿನಲ್ಲೂ ಮೂರು ಕಡ್ಡಿಗೆ ಬೇರು ಬರಿಸುವ ಪುಡಿ ಹಚ್ಚಿದ್ದೆ, ಮೂರಕ್ಕೆ ಇಲ್ಲ. ನನಗಂತೂ ವ್ಯತ್ಯಾಸ ಕಾಣಲಿಲ್ಲ. ಅಂಜೂರ ಸುಲಭಕ್ಕೆ ಬೇರು ಬಿಡುವ ಜಾತಿ, ಅದಕ್ಕೆ ಪುಡಿಗೆ ದುಡ್ಡು ಸುಮ್ನೆ ಖರ್ಚು. ಜೇನುತುಪ್ಪ ಹಚ್ಚಿ ಅಂತಲೂ ಹೇಳುತ್ತಾರೆ. ಹಚ್ಚಿದ್ದ ಒಂದಕ್ಕೆ ಇರುವೆ ಬಂದವು, ಅಷ್ಟೇ.

ಗೋದಾಮಿನ ಸಾಲ ತಡವಾಗಿ, ಜುಲೈವರೆಗೂ ಮಾವನ ಗಿಡ ಕಡಿದಿರಲಿಲ್ಲ. ಮಳೆ ಬಿದ್ದ ಕೂಡಲೇ ಹೋಗಿ ನಾಲ್ಕು ಟೊಂಗೆಗೆ ಗೂಟಿ ಕಟ್ಟಿದೆ, ಅಂದರೆ ಟೊಂಗೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಡುವುದು. ದಾಳಿಂಬೆ ಬೆಳೆಯುವ ಕೊಪ್ಪಳ, ಕುಷ್ಟಗಿ ಕಡೆಯವರಿಗೆ ಗೂಟಿ ಹೇಳಿಕೊಡಬೇಕಾಗಿಲ್ಲ ಅಲ್ವಾ, ಉಳಿದವರಿಗೆ ಹೇಳುತ್ತೇನೆ. ಒಂದಿಂಚು ಅಗಲ ಉಂಗುರದ ಹಾಗೆ ಸಿಪ್ಪೆ ತೆಗೆದು, ಒಳಗಿನ ಜಾರುವ ಪದರವನ್ನೂ ಚಾಕುವಿನಿಂದ ಕೆರೆಯಬೇಕು, ಕೆರೆಯದಿದ್ದರೆ ಸಿಪ್ಪೆ ಮತ್ತೆ ಕೂಡಿಕೊಂಡು ಬೇರು ಬರುವುದೇ ಇಲ್ಲ. ಆಮೇಲೆ ಒದ್ದೆ ಕೋಕೋಪೀಟ್ ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಾಗಿ ಕಟ್ಟುವುದು. 40 ದಿನಕ್ಕೆ ಪ್ಲಾಸ್ಟಿಕ್ ಒಳಗೆ ಬೇರು ತುಂಬಿತ್ತು. ನಾಲ್ಕರಲ್ಲಿ ಮೂರು ಗೆದ್ದವು, ಒಂದರಲ್ಲಿ ಇರುವೆ ಗೂಡು ಮಾಡಿದ್ದವು. ಬೇರು ಬರುವವರೆಗೆ ಟೊಂಗೆಗೆ ತಾಯಿ ಗಿಡದಿಂದಲೇ ನೀರು ಸಿಗುತ್ತದೆ, ಹಾಗಾಗಿ ನಾವು ಮರೆತರೂ ಅದು ಬಾಡುವುದಿಲ್ಲ. ಆದರೆ ಗಿಡ ನಿಮ್ಮ ಕೈಗೆಟುಕುವ ಕಡೆ ಇರಬೇಕು, ಒಂದೊಂದು ಸಸಿಗೆ ಒಂದೊಂದು ಟೊಂಗೆ ಕೊಡಬೇಕು. ಗಿಡ ಹತ್ತಿರ ಇದ್ದರೆ ನಾನು ಇನ್ನು ಗೂಟಿ ಬಿಟ್ಟು ಬೇರೆ ಮಾಡುವುದಿಲ್ಲ, ಕಡ್ಡಿ ಮಾತ್ರ ಸಿಕ್ಕರೆ ಮರಳು.

ಈ ತೀರ್ಪು ಎಲ್ಲ ಗಿಡಕ್ಕೂ ಅಲ್ಲ. ಬೆಂಗಳೂರಿನಿಂದ ಅಕ್ಕನ ಮಗ ಎಂಟು ಬ್ಲೂಬೆರಿ ಕಡ್ಡಿ ತಂದುಕೊಟ್ಟು "ಚಿಕ್ಕಮ್ಮ, ಇದನ್ನೂ ನೋಡ್ರಿ" ಅಂದ. ಮರಳಿನಲ್ಲಿ ನಾಲ್ಕಕ್ಕೆ ನಾಲ್ಕೂ ಒಣಗಿದವು. ಕೋಕೋಪೀಟ್‌ನಲ್ಲಿ ಎರಡಕ್ಕೆ ಬೇರು ಬಂತು, ಅದಕ್ಕೂ ಎರಡು ತಿಂಗಳು ಬೇಕಾಯಿತು. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ನಮ್ಮ ಬೋರ್ ನೀರು ಅದಕ್ಕೆ ತದ್ವಿರುದ್ಧ, ಹಾಕುತ್ತಾ ಹೋದ ಹಾಗೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು, ಅಂದರೆ ಕಬ್ಬಿಣ ಕಣ್ಣ ಮುಂದಿದ್ದರೂ ಗಿಡಕ್ಕೆ ಸಿಗುತ್ತಿಲ್ಲ. ಮಳೆನೀರು ಹಿಡಿದಿಟ್ಟು ಹಾಕಿ ಒಂದನ್ನು ಏಪ್ರಿಲ್‌ವರೆಗೆ ಎಳೆದೆ, ಆಮೇಲೆ ಅದೂ ಹೋಯಿತು. ಬಳ್ಳಾರಿಯಲ್ಲಿ ಆ ಹಟ ಬೇಡ ಅನ್ನುವವಳು ನಾನು.

ಈಗ ಗೋದಾಮು ಎದ್ದಿದೆ. ಒಂಬತ್ತು ಕಡ್ಡಿ ಗಿಡದಲ್ಲಿ ಎರಡನ್ನು ಮಾವನೇ ಕೇಳಿ ಒಯ್ದರು. ಮಾಳಿಗೆ ಮೇಲಿನ ಗೂಟಿ ಗಿಡದಲ್ಲಿ ನಾಲ್ಕು ಕಾಯಿ ಇವೆ, ಅಳಿಲು ಬಿಟ್ಟರೆ ನಮಗೆ.